ಕಂಡವರು, ಕೇಳಿದವರು

ಅಮೆರಿಕದ ಫುಟ್‌ಬಾಲು ಹೆಸರಿಗಷ್ಟೇ ಕಾಲ್ಚೆಂಡು. ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. 1972ರ ಡಿಸೆಂಬರ್ 23ರಂದು ಪಿಟ್ಸ್‌ಬರ್ಗಿನಲ್ಲಿ ನಡೆದ ಪ್ಲೇಆಫ್ ಪಂದ್ಯವೊಂದನ್ನು ಅಲ್ಲಿನ ಅಭಿಮಾನಿಗಳು ಇಂದಿಗೂ ಆಡಿ ಮುಗಿಸಿಲ್ಲ.

ಓಕ್ಲೆಂಡ್ 7–6ರಿಂದ ಮುಂದಿತ್ತು. ಉಳಿದದ್ದು 22 ಸೆಕೆಂಡು. ಬ್ರಾಡ್‌ಷಾ ಎಸೆದ ಚೆಂಡು, ಡಿಕ್ಕಿ ಹೊಡೆದುಕೊಂಡ ಫುಕ್ವಾ, ಟೇಟಮ್ ಇವರಲ್ಲೊಬ್ಬರಿಗೆ ಬಡಿದು ಹಿಂದಕ್ಕೆ ಪುಟಿಯಿತು. ನೆಲಕ್ಕೆ ಬೀಳುವಷ್ಟರಲ್ಲಿ ಫ್ರಾಂಕೊ ಹ್ಯಾರಿಸ್ ಅದನ್ನು ಬಾಚಿಕೊಂಡು ಗೆರೆ ದಾಟಿದರು. ಪಿಟ್ಸ್‌ಬರ್ಗಿಗೆ 13–7ರ ಗೆಲುವು. ಸ್ವಪಕ್ಷದ ಫುಕ್ವಾ ಒಬ್ಬರಿಗೇ ತಾಗಿದ್ದರೆ ಅಂದಿನ ನಿಯಮದಂತೆ ಆ ಹಿಡಿತ ಸಲ್ಲುತ್ತಿರಲಿಲ್ಲ. ತಾಗಿದ್ದು ಯಾರಿಗೆ? ವ್ಯಾಜ್ಯ ಇನ್ನೂ ನಡೆದೇ ಇದೆ.

ನನಗೆ ಸ್ವಾರಸ್ಯವೆನಿಸುವುದು ಬೇರೊಂದು. ತವರಿನ ಪಂದ್ಯವನ್ನು ಆಗ ಊರಿನ ದೂರದರ್ಶನದಲ್ಲಿ ತೋರಿಸುತ್ತಿರಲಿಲ್ಲ. ಕ್ರೀಡಾಂಗಣದಲ್ಲಿದ್ದ ಸುಮಾರು 50,000 ಮಂದಿಯನ್ನು ಬಿಟ್ಟರೆ ಊರಿನವರಿಗೆ ಆ ಗಳಿಗೆ ಒದಗಿದ್ದು ಕಿವಿಯಿಂದ. ಬಾನುಲಿಯ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ತುಸು ಹೆಮ್ಮೆಯೇ ಆಗುತ್ತದೆ. ಕೇಳಿದವರೂ ಕಂಡವರಂತೆಯೇ ನೆನೆಯುತ್ತಾರೆ. ಅದನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ.

2001ರಲ್ಲಿ ಆ ಕ್ರೀಡಾಂಗಣವನ್ನು ಕೆಡವಿದರು. ಚೆಂಡು ಹಿಡಿದ ಎಡೆಯಲ್ಲಿ 2012ರಲ್ಲಿ ಸ್ಮಾರಕ ಬಂತು. ಡಿಸೆಂಬರ್ 23ಕ್ಕೆ ಜನ ಅಲ್ಲಿ ನೆರೆಯುತ್ತಾರೆ. ಐವತ್ತು ವರ್ಷ ತುಂಬಲು ಮೂರು ದಿನವಿರುವಾಗ, 2022ರಲ್ಲಿ, ಹ್ಯಾರಿಸ್ ತೀರಿಕೊಂಡರು. 24ರಂದು ಅವೇ ಎರಡು ತಂಡಗಳ ಪಂದ್ಯದ ನಡುವೆ, ಅವರ 32ನೆಯ ಅಂಗಿಯನ್ನು ಇನ್ನಾರೂ ತೊಡದಂತೆ ಎತ್ತಿಟ್ಟರು. ಮೈದಾನದಲ್ಲಿ ಅವರ ಪತ್ನಿ, ಮಗ ನಿಂತಿದ್ದರು.