ಅಡ್ರಿನಲಿನ್ ಮತ್ತು ಜೀವಕೋಶದ ಕಿವಿ



ಶಿವಮೊಗ್ಗೆಯ ನವುಲೆಯಲ್ಲಿ ಕ್ರಿಕೆಟ್ ಕ್ರೀಡಾಂಗಣವೊಂದುಂಟು. ಅಲ್ಲಿ ವೇಗದ ಚೆಂಡನ್ನು ಎದುರಿಸಲು ನಿಂತ ದಾಂಡಿಗನ ಎದೆ ಡವಡವನೆ ಹೊಡೆದುಕೊಳ್ಳುವುದು. ಉಸಿರಿನ ನಾಳಗಳು ಸಡಿಲಗೊಂಡು ಅಗಲವಾಗುವುವು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಎರಡು ಪುಟ್ಟ ಗ್ರಂಥಿಗಳು ರಕ್ತಕ್ಕೆ ಬಿಡುವ ಅಡ್ರಿನಲಿನ್ ಎಂಬ ರಸವು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಒಂದೇ ರಸವು ಹೃದಯವನ್ನು ಬಿಗಿಯಾಗಿ ದುಡಿಸಿ, ಉಸಿರ್ನಾಳವನ್ನು ಸಡಿಲಿಸುವುದು ಹೇಗೆ? ಕರೆ ಒಂದೇ ಆದರೂ ಕೇಳುವ ಕಿವಿಗಳು ಬೇರೆ. ಈ ಕಿವಿಗಳಿಗೆ ಗ್ರಾಹಕಗಳೆಂದು ಹೆಸರು. ಅಮೆರಿಕದ ಆಲ್ಕ್ವಿಸ್ಟ್ ಎಂಬ ವಿಜ್ಞಾನಿ 1948ರಲ್ಲಿ ಇವುಗಳನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದನು. ಮುಂದೆ ಬೀಟಾದಲ್ಲಿಯೂ ಭೇದಗಳು ಕಂಡುಬಂದುವು: ಹೃದಯದಲ್ಲಿ ಒಂದನೆಯ ಬೀಟಾ ಹೆಚ್ಚು, ಉಸಿರ್ನಾಳದ ಸ್ನಾಯುಗಳಲ್ಲಿ ಎರಡನೆಯದು.

ಗ್ರಾಹಕವೆಂದರೆ ಜೀವಕೋಶದ ಪೊರೆಯನ್ನು ಏಳು ಬಾರಿ ದಾಟಿ ಹೆಣೆದುಕೊಂಡ ಪ್ರೋಟೀನಿನ ಎಳೆ. ಅಡ್ರಿನಲಿನ್ ಒಳಕ್ಕೆ ಹೋಗಬೇಕಾಗಿಲ್ಲ. ಹೊರಗಡೆ ಬಂದು ಕೂತೊಡನೆ ಎಳೆಯ ಆಕಾರ ಬದಲಾಗಿ, ಒಳಗಿನ ಜಿ-ಪ್ರೋಟೀನು ಎಚ್ಚರಗೊಳ್ಳುವುದು. ಅದರಿಂದ ಸೈಕ್ಲಿಕ್ ಎ.ಎಂ.ಪಿ. ಎಂಬ ವಸ್ತು ಹುಟ್ಟಿ ಕೆಲಸವನ್ನು ನಡೆಸುವುದು. ಇಂತಹ ಗ್ರಾಹಕಗಳ ಸಂಶೋಧನೆಗಾಗಿ ಲೆಫ್ಕೊವಿಟ್ಸ್ ಮತ್ತು ಕೊಬಿಲ್ಕರಿಗೆ 2012ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಆದರೆ ಕರೆ ನಿಲ್ಲದೆ ಬರುತ್ತಿದ್ದರೆ ಜೀವಕೋಶವು ಕಿವಿ ಮುಚ್ಚಿಕೊಳ್ಳುವುದು. ಒಂದು ಕಿಣ್ವವು ಗ್ರಾಹಕದ ಒಳತುದಿಗೆ ಫಾಸ್ಫೇಟಿನ ಗುರುತು ಹಾಕುವುದು. ಆ ಗುರುತಿನ ಮೇಲೆ ಅರೆಸ್ಟಿನ್ ಎಂಬ ಪ್ರೋಟೀನು ಬಂದು ಕೂತು ಜಿ-ಪ್ರೋಟೀನನ್ನು ತಡೆಯುವುದು. ಇದು ನಿಮಿಷಗಳ ಕೆಲಸ. ಅನಂತರ ಗ್ರಾಹಕವನ್ನೇ ಒಳಕ್ಕೆ ಸೆಳೆದುಕೊಳ್ಳಲಾಗುವುದು. ಕರೆ ಅಡಗಿದರೆ ಅದು ಪುನಃ ಮೇಲಕ್ಕೆ ಬರಬಹುದು. ಗಂಟೆಗಟ್ಟಲೆ, ದಿನಗಟ್ಟಲೆ ಮುಂದುವರಿದರೆ ಗ್ರಾಹಕಗಳು ಒಡೆದುಹೋಗಿ ಅವುಗಳ ಸಂಖ್ಯೆಯೇ ತಗ್ಗುವುದು. ಮಿತಿಮೀರಿದ ಪ್ರಚೋದನೆಯಿಂದ ಪಾರಾಗಲು ಪ್ರಕೃತಿ ಮಾಡಿಕೊಂಡ ಏರ್ಪಾಡಿದು.

ಉಬ್ಬಸದ ರೋಗಿಗಳಾದರೋ ಇದನ್ನು ತಿಳಿದಿರುವುದು ಅಗತ್ಯ. ಬೆಂಗಳೂರಿನಲ್ಲಿ ಡಾಕ್ಟರ್ ಎಚ್. ಪರಮೇಶ್ ಅವರು ಮಕ್ಕಳನ್ನು ಪರೀಕ್ಷಿಸಿದಾಗ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಉಬ್ಬಸವು 1999ರ ವೇಳೆಗೆ 29.5ಕ್ಕೆ ಏರಿತ್ತು. ಸಾಲ್ಬುಟಮಾಲ್ ಇನ್ಹೇಲರು ಅಡ್ರಿನಲಿನ್ನನ್ನು ಅನುಕರಿಸಿ, ಎರಡನೆಯ ಬೀಟಾ ಗ್ರಾಹಕವನ್ನು ಕರೆದು ನಿಮಿಷಗಳಲ್ಲಿ ಉಸಿರಾಟವನ್ನು ಸರಾಗಗೊಳಿಸುವುದು. ಆದರೆ ನಾಳದ ಒಳಗಿನ ಊತವನ್ನು ಅದು ಇಳಿಸಲಾರದು. ಊತ ಉಳಿದಿರುವಾಗ ದಿನದಿನವೂ ಇದೊಂದನ್ನೇ ನೆಚ್ಚಿದರೆ, ಗ್ರಾಹಕಗಳು ಮಂದವಾಗಿ ಔಷಧದ ರಕ್ಷಣೆ ಕುಗ್ಗುವುದು. ಇತ್ತ ರೋಗವೂ ಮರೆಯಲ್ಲಿ ಬೆಳೆಯುವುದು.

ಸ್ಟೀರಾಯ್ಡ್ ಇನ್ಹೇಲರು ಊತವನ್ನು ತಗ್ಗಿಸುವುದಲ್ಲದೆ, ಹೊಸ ಗ್ರಾಹಕಗಳು ಹುಟ್ಟಲೂ ನೆರವಾಗುವುದು. ಆದಕಾರಣವೇ ಪ್ರಾಯದವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದೆಂದು ಅಂತರರಾಷ್ಟ್ರೀಯ ತಜ್ಞರು 2019ರಲ್ಲಿ ಸಲಹೆಯಿತ್ತರು. ಉಸಿರು ಕಟ್ಟಿದ ಹೊತ್ತಿನಲ್ಲಿ ವೈದ್ಯರು ಕೊಟ್ಟ ಶಮನೌಷಧವನ್ನು ಹೀರಲು ಹಿಂಜರಿಯಬೇಕೆಂದು ಇದರ ಅರ್ಥವಲ್ಲ. ಆದರೆ ಅದು ಪದೇಪದೇ ಬೇಕಾಗುತ್ತಿದ್ದರೆ, ಮತ್ತೊಂದು ಡಬ್ಬಿಗಾಗಿ ಅಂಗಡಿಗೆ ಹೋಗುವ ಮುನ್ನ ವೈದ್ಯರ ಬಳಿಗೆ ಹೋಗುವುದು ಮೇಲು. ಕಿವಿ ಮಂದವಾದಾಗ ಕೂಗನ್ನು ಏರಿಸುವುದಕ್ಕಿಂತ, ಕೂಗಬೇಕಾಗಿ ಬಂದ ಕಾರಣವನ್ನು ನಿವಾರಿಸುವುದೇ ವಿವೇಕ.