ನೆನಪು ಸಾಲದೆಂದಿತು ಯಂತ್ರ

ಒಂದು ಸಂಜೆ ನನ್ನ ಮನೆಯ ಕಂಪ್ಯೂಟರು ತನಗೆ ಮೆಮೊರಿ ಸಾಲದೆಂದು ದೂರಿಕೊಂಡಿತು. ಎಪ್ಪತ್ತು ದಾಟಿದ ನನಗೆ ಸಹಾನುಭೂತಿ ಹುಟ್ಟಬೇಕಾಗಿತ್ತು, ಹುಟ್ಟಿದ್ದು ಭಯ. ದಿವಂಗತಳಾದ ನನ್ನ ಪತ್ನಿಯ ಛಾಯಾಚಿತ್ರಗಳೂ ಅವಳ ಪತ್ರಗಳ ಪ್ರತಿಗಳೂ ಅದರೊಳಗಿದ್ದುವು. ಕೆಲವನ್ನಾದರೂ ಅಳಿಸಿ ಜಾಗ ಮಾಡಿಕೊಡೋಣವೆಂದು ಹೊರಟೇಬಿಟ್ಟಿದ್ದೆ.

ಆಮೇಲೆ ಸಂಶಯ ಬಂದಿತು: ಈ ಎಚ್ಚರಿಕೆಯೇ ಸುಳ್ಳಾಗಿದ್ದರೆ? ಅಂತರ್ಜಾಲದ ಪುಟದಲ್ಲಿ ಧುತ್ತನೆ ಎದ್ದು, ಇಂಥ ಸಂಖ್ಯೆಗೆ ಫೋನು ಮಾಡಿರೆಂದು ಬೆದರಿಸುವ ಸೂಚನೆಗಳು ವಂಚಕರ ಬಲೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರು ಇರುವುದೇ ಇಲ್ಲ. ಬ್ರೌಸರನ್ನು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಎಚ್ಚರಿಕೆ ಮತ್ತೆ ಬಂದಿತು, ಯಾವ ನಂಬರೂ ಇಲ್ಲದೆ. ಇದು ವಿಂಡೋಸೇ ಆಡಿದ ಮಾತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದೆ. 8 ಜಿಬಿಯಲ್ಲಿ ಬಳಕೆಯಾಗಿದ್ದುದು ಸುಮಾರು 5 ಮಾತ್ರ. ಹಾಗಾದರೆ ಕೊರತೆ ಎಲ್ಲಿಯದು? ಕೆಳಗೆ ‘ಕಮಿಟೆಡ್’ ಎಂಬ ಸಾಲಿನಲ್ಲಿ 7.6/7.8 ಎಂದಿತ್ತು.

ನಮ್ಮ ಊರುಗಳ ಬಸ್ಸನ್ನು ನೆನೆದುಕೊಳ್ಳಿ. ಸೀಟುಗಳು ಖಾಲಿ, ಆದರೆ ಕಿಟಕಿಯಿಂದ ಎಸೆದ ಟವೆಲುಗಳು ಒಂದೊಂದರ ಮೇಲೂ ಕುಳಿತಿವೆ. ಪ್ರೋಗ್ರಾಮುಗಳೂ ಹಾಗೆಯೇ, ಬೇಕಾದೀತೆಂದು ಜಾಗ ಕಾದಿರಿಸುತ್ತವೆ. ಕೊಟ್ಟ ಮಾತೆಲ್ಲ ವಿಂಡೋಸಿನ ಲೆಕ್ಕಕ್ಕೆ ಸೇರುತ್ತದೆ. ಆ ಲೆಕ್ಕದ ಮಿತಿಯೆಂದರೆ ರ‍್ಯಾಮ್ ಜೊತೆಗೆ ಡಿಸ್ಕಿನ ಮೇಲಿರುವ ಪೇಜ್ ಫೈಲ್. ಆ ಫೈಲನ್ನು ಹಿಂದಿನ ವರ್ಷ, ಡಿಸ್ಕಿನಲ್ಲಿ ಜಾಗ ಉಳಿಯಲೆಂದು, ಯಾರದೋ ಮಾತು ಕೇಳಿ ನಾನೇ ತೆಗೆಸಿಹಾಕಿದ್ದೆ! ಛಾಯಾಚಿತ್ರಗಳನ್ನೆಲ್ಲ ಅಳಿಸಿದ್ದರೂ ಆ ಮಿತಿ ಎಳ್ಳಷ್ಟೂ ಹೆಚ್ಚುತ್ತಿರಲಿಲ್ಲ.

ಇಷ್ಟೊಂದು ಟವೆಲು ಹಾಕಿದವರು ಯಾರು? ‘ಡೀಟೇಲ್ಸ್’ ಪಟ್ಟಿಗೆ ‘ಕಮಿಟ್ ಸೈಜ್’ ಎಂಬ ಅಂಕಣವನ್ನು ಸೇರಿಸಿಕೊಂಡು ಮರುದಿನವೆಲ್ಲ ಕಾದೆ. ಪ್ರಿಂಟರಿನ ಜೊತೆಗೆ ಬಂದಿದ್ದ ಒಂದು ಸಣ್ಣ ಪ್ರೋಗ್ರಾಮು ಬೆಳಿಗ್ಗೆ 200 ಎಂಬಿ ಇದ್ದುದು, ಏನೂ ಕೆಲಸ ಮಾಡದೆಯೇ, ಸಂಜೆಗೆ 2 ಜಿಬಿ ದಾಟಿತ್ತು. ಪಡೆದುದನ್ನು ಹಿಂದಿರುಗಿಸಲು ಅದು ಮರೆಯುತ್ತಿತ್ತು. ತಿಳಿದವರು ಇದನ್ನು ಸೋರಿಕೆ ಎನ್ನುತ್ತಾರೆ. ಅದನ್ನು ತೆಗೆದೆ. ಪೇಜ್ ಫೈಲಿನ ಉಸ್ತುವಾರಿಯನ್ನು ವಿಂಡೋಸಿಗೇ ಮರಳಿ ಒಪ್ಪಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಎಚ್ಚರಿಕೆ ಮತ್ತೆ ಬರಲಿಲ್ಲ.

ಚಿತ್ರಗಳನ್ನೂ ಪತ್ರಗಳನ್ನೂ ಬೇರೊಂದು ಡಿಸ್ಕಿಗೂ ನಕಲು ಮಾಡಿದೆ. ಹಾಗೆ ಮಾಡುವಾಗ 1981ರ ಒಂದು ಪತ್ರ ಕಣ್ಣಿಗೆ ಬಿದ್ದಿತು. ನಾನು ಮಾವನ ಮನೆಯಲ್ಲಿ ಕೊಡೆ ಮರೆತು ಬಂದುದಕ್ಕಾಗಿ, ಎರಡು ಪುಟ ತುಂಬ, ಅವಳು ನನ್ನನ್ನು ಬೈದಿದ್ದಳು.