ಸೆರೆಯಾಳುಗಳನ್ನು ಕಾದ ದಳಪತಿ

 

ಮಠದ ಅಂಗಳದಲ್ಲಿ ಸೈನಿಕನ ಮಾತೇಕೆ ಎಂದು ಕೆಲವರು ಕೇಳಿಯಾರು. ಜನರಲ್ ತಿಮ್ಮಯ್ಯನವರ ಹೆಸರೆತ್ತಿದರೆ ಎಲ್ಲರೂ ಝೋಜಿಲಾ ಕಣಿವೆಯ ಕತೆಯನ್ನೇ ಹೇಳುತ್ತಾರೆ. 1948ರ ನವೆಂಬರ್ 1ರಂದು ಆ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿದ್ದು ಸಾಹಸವೇ ಸರಿ; ಮುಂಚೂಣಿಯ ಟ್ಯಾಂಕಿನಲ್ಲಿ ಅವರೇ ಇದ್ದರು. ನಾನು ಹೇಳಹೊರಟಿರುವುದು ಅವರು ಗುಂಡು ಹಾರಿಸದೆ ಮಾಡಿದ ಕೆಲಸವನ್ನು.

ಮೊದಲು ಮನೆಯ ಸಂಗತಿ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಜಪಾನಿಯರ ವಿರುದ್ಧ ಕಾದಾಡಿದರು. ಅವರ ಅಣ್ಣನೂ ಸೇನಾಧಿಕಾರಿ. ಆತ ಜಪಾನಿಯರಿಗೆ ಸೆರೆಸಿಕ್ಕು, ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ತಾಯಿಯ ಮಕ್ಕಳು ಎದುರುಬದುರು ಪಾಳೆಯಗಳಲ್ಲಿ! ಸೆರೆಯಾಳಿನ ಆಯ್ಕೆ ಎಂದರೇನೆಂದು ತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1953ರ ಜುಲೈ 27ರಂದು ಕೊರಿಯಾ ಯುದ್ಧ ನಿಂತಿತು. ಸೆರೆಸಿಕ್ಕಿದ್ದ ಚೀನೀಯರು, ಉತ್ತರ ಕೊರಿಯನ್ನರಲ್ಲಿ 22,000ಕ್ಕೂ ಹೆಚ್ಚು ಮಂದಿ ಊರಿಗೆ ಮರಳಲು ಒಲ್ಲೆ ಎಂದರು. ಈಚೆ ಸಿಕ್ಕಿಬಿದ್ದಿದ್ದವರಲ್ಲೂ ಮುನ್ನೂರಕ್ಕೂ ಹೆಚ್ಚು ಮಂದಿ ಹಾಗೆಯೇ ಅಂದರು. ಅವರಲ್ಲಿ ಅಮೆರಿಕನ್ನರೂ ಇದ್ದರು. ಇವರನ್ನು ಏನು ಮಾಡುವುದು? ಐದು ತಟಸ್ಥ ರಾಷ್ಟ್ರಗಳ ಆಯೋಗ ನೇಮಕವಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ನಮ್ಮ ದೇಶದ ಪಡೆ.

ಕೆಲಸ ಹೇಳಲು ಸುಲಭ: ಒಬ್ಬೊಬ್ಬನನ್ನೇ ಕೂರಿಸಿ, ಅವನ ಸರ್ಕಾರದವರ ಮಾತು ಕೇಳಿಸಿ, ಎಲ್ಲಿಗೆ ಹೋಗುತ್ತೀಯೆಂದು ಕೇಳುವುದು. ಆದರೆ ಶಿಬಿರದ ಒಳಗೆ ಗುಂಪಿನ ನಾಯಕರದೇ ದರ್ಬಾರು. ಊರಿಗೆ ಹೋಗುತ್ತೇನೆ ಎಂದವನ ಪ್ರಾಣಕ್ಕೇ ಅಪಾಯ. ಬಂದೂಕು ನಮ್ಮವರ ಕೈಯಲ್ಲಿತ್ತು. ನುಗ್ಗಿ ಎಳೆದು ತರಬಹುದಿತ್ತು. ಹಾಗೆ ಮಾಡಿದ್ದರೆ ಹೆಣಗಳು ಬೀಳುತ್ತಿದ್ದವು. ಅವರು ಒಪ್ಪಲಿಲ್ಲ. ಗೊತ್ತುಮಾಡಿದ್ದ ತೊಂಬತ್ತು ದಿನ ಮುಗಿದರೂ ಬಹುಪಾಲು ಸೆರೆಯಾಳುಗಳ ವಿಚಾರಣೆ ಆಗಲೇ ಇಲ್ಲ.

ಕೊನೆಗೆ 1954ರ ಜನವರಿಯಲ್ಲಿ ಅವರನ್ನು ಮೊದಲು ಹಿಡಿದಿಟ್ಟಿದ್ದವರಿಗೇ ಒಪ್ಪಿಸಿದರು. ಎರಡು ಕಡೆಯವರೂ ಬೈದರು. ಇದನ್ನು ಸೋಲು ಎನ್ನುವವರಿದ್ದಾರೆ; ನಾನು ಪೂರ್ತಿ ಅಲ್ಲಗಳೆಯಲಾರೆ. ಬಾಯಿ ಬಿಡಲಾಗದೆ ಉಳಿದವರು ಎಷ್ಟೋ! ಆದರೂ ಆತ ಕೆಲಸ ಪೂರ್ತಿಯಾಯಿತೆಂದು ನಟಿಸಲಿಲ್ಲ. ಸೆರೆಯಾಳುಗಳ ಮೇಲೆ ಒತ್ತಡವಿತ್ತೆಂದು ಆಯೋಗದ ಬಹುಮತದ ವರದಿಯೇ ಹೇಳಿತು.

ಅವರಲ್ಲಿ 88 ಮಂದಿ ಆ ಕಡೆಯೂ ಬೇಡ, ಈ ಕಡೆಯೂ ಬೇಡವೆಂದು ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಇಲ್ಲೇ ನೆಲೆನಿಂತರು. ಕಾವಲುಗಾರನನ್ನು ನಂಬಿ ಸೆರೆಯಾಳು ಅವನ ಊರಿಗೇ ಬರುವುದೆಂದರೆ ಸಾಮಾನ್ಯವೇ?

ಮುಂದೆ ಅವರು ಭೂಸೇನೆಯ ಮುಖ್ಯಸ್ಥರಾದದ್ದು ನಿಮಗೆ ಗೊತ್ತೇ ಇದೆ. ನಿವೃತ್ತಿಯ ಮೇಲೂ ಸುಮ್ಮನೆ ಕೂರಲಿಲ್ಲ. ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಸೈಪ್ರಸ್ಸಿಗೆ ವಿಶ್ವಸಂಸ್ಥೆಯ ಶಾಂತಿಪಡೆಯ ದಳಪತಿಯಾಗಿ ಹೋದರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿದೆ. ಆ ಕಡೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಟ್ಯಾಂಕಿನ ಕತೆ ಅವರು ಹೇಗೂ ಕೇಳುತ್ತಾರೆ. ಆ 88 ಮಂದಿಯ ಕತೆಯನ್ನು ನೀವು ಹೇಳಿ.